ಇಪ್ಪತ್ನಾಲ್ಕು ಮನೆಗಳ ಗಾಳಿ

೧೯೮೬ನೇ ಇಸವಿ ಜುಲೈ ೧೪, ಸೋಮವಾರ, ಬೆಳಿಗ್ಗೆ ಹತ್ತೂ ಕಾಲು ಗಂಟೆ. ರಾಜಾಜಿನಗರದ ಹಳೆಯ ಕ್ವಾರ್ಟರ್ಸೊಂದರ ಕೆಳಮಹಡಿಯ ಮನೆಯಲ್ಲಿ, ಮಲಗುವ ಕೋಣೆಯ ಸ್ಟೂಲಿನ ಮೇಲೆ ಮೊದಲನೆಯ ಗಾಜಿನ ತಟ್ಟೆಯಿಟ್ಟು ಮುಚ್ಚಳ ತೆಗೆದೆ. ಹತ್ತು ನಿಮಿಷ ತೆರೆದಿಟ್ಟು ಮತ್ತೆ ಮುಚ್ಚಿದೆ. ಆ ದಿನದ ಡೈರಿಯಲ್ಲಿ ಇಷ್ಟೇ ಇದೆ: ‘ಮನೆ ೧. ತಟ್ಟೆ ೩. ಹೊರಗೆ ತುಂತುರು. ಉಪ್ಪಿಟ್ಟು, ಕಾಫಿ. ವಾಪಸು ಬರುವಾಗ ಬಸ್ಸಿನಲ್ಲಿ ನಿಂತೇ ಬಂದೆ.’ ಬಸ್ಸಿನಲ್ಲಿ ನಿಂತದ್ದನ್ನು ಬರೆದ ನಾನು ಆ ಕೋಣೆಯ ಗೋಡೆಗೆ ಹೊಸದಾಗಿ ಸುಣ್ಣ ಬಳಿದಿದ್ದರು ಎಂಬುದನ್ನು ಬರೆಯಲಿಲ್ಲ. ಮೂರು ವರ್ಷ ಕಳೆದ ಮೇಲೆ ಬರೆಯುತ್ತಿದ್ದೇನೆ.

ಆಗ ನನಗೆ ಇಪ್ಪತ್ತಮೂರು. ಎಂ.ಎಸ್ಸಿ. ಮುಗಿಸಿ ನಗರದ ಒಂದು ಕಾಲೇಜಿನಲ್ಲಿ ಆರು ತಿಂಗಳ ಮಟ್ಟಿಗೆ ಸಹಾಯಕಿಯಾಗಿ ಸೇರಿದ್ದೆ. ನಮ್ಮ ವಿಭಾಗದ ಪ್ರೊಫೆಸರಿಗೆ ಹಳೆಯ ಕಟ್ಟಡಗಳ ಒಳಗಿನ ಗಾಳಿಯ ಬಗ್ಗೆ ಆಸಕ್ತಿ. ಬೂಷ್ಟಿನ ಬೀಜಕಣ ಕಣ್ಣಿಗೆ ಕಾಣುವುದಿಲ್ಲ, ಗಾಳಿಯಲ್ಲಿ ತೇಲುತ್ತಿರುತ್ತದೆ, ಉಸಿರಿನೊಂದಿಗೆ ಒಳಗೆ ಹೋಗುತ್ತದೆ. ಅದನ್ನು ಹಿಡಿಯುವ ಉಪಾಯ ಸರಳವಾದದ್ದು. ಆಲೂಗಡ್ಡೆ ಬೇಯಿಸಿ, ಸೋಸಿದ ನೀರಿಗೆ ಸಕ್ಕರೆಯನ್ನೂ ಕಡಲ ಪಾಚಿಯಿಂದ ಮಾಡುವ ಅಗರ್ ಪುಡಿಯನ್ನೂ ಹಾಕಿ ಕುದಿಸಿ, ಗಾಜಿನ ತಟ್ಟೆಗೆ ಸುರಿದರೆ ತಣ್ಣಗಾಗಿ ಹಲ್ವದ ಹಾಗೆ ಹೆಪ್ಪುಗಟ್ಟುತ್ತದೆ. ಮನೆಯೊಳಗೆ ಹತ್ತು ನಿಮಿಷ ತೆರೆದಿಟ್ಟರೆ ಗಾಳಿಯಲ್ಲಿದ್ದದ್ದು ಅದರ ಮೇಲೆ ಬೀಳುತ್ತದೆ. ಐದು ದಿನ ಬಿಟ್ಟರೆ ಒಂದೊಂದು ಕಣವೂ ಒಂದೊಂದು ಚುಕ್ಕೆಯಾಗಿ ಬೆಳೆಯುತ್ತದೆ. ಕಪ್ಪು, ಹಸಿರು, ಬೂದಿ, ಬಿಳಿ. ಚುಕ್ಕೆ ಎಣಿಸಿದರೆ ಆ ಮನೆಯ ಲೆಕ್ಕ ಸಿಕ್ಕಿತು.

ಎಣಿಸುವ ಕೆಲಸಕ್ಕೆ ನನ್ನನ್ನು ಆರಿಸಿದ್ದರು. ಎಂಟನೇ ಕ್ಲಾಸಿನಿಂದ ನಾನು ತಾರೀಖು ಹಾಕದೆ ಏನನ್ನೂ ಬರೆದವಳಲ್ಲ. ಹೊಸಹಳ್ಳಿಯ ನಮ್ಮ ಮನೆಯಿಂದ ಬಸ್‌ಸ್ಟಾಪಿಗೆ ಎಷ್ಟು ಹೆಜ್ಜೆ, ಆ ತಿಂಗಳಲ್ಲಿ ಎಷ್ಟು ದಿನ ಬಸ್ಸು ನಿಲ್ಲಿಸದೆ ಹೋಯಿತು, ಎಲ್ಲ ಡೈರಿಯಲ್ಲಿರುತ್ತಿತ್ತು. ಅಣ್ಣ ರೇಗಿಸುತ್ತಿದ್ದ. “ಇವಳನ್ನ ಮದುವೆ ಆಗೋನು ದಿನಕ್ಕೆ ಎಷ್ಟು ತುತ್ತು ತಿಂದ ಅಂತ ಇವಳ ಹತ್ರಾನೇ ಕೇಳ್ಬೇಕು ಕಣೇ ಅಮ್ಮ.”

ಪ್ರೊಫೆಸರು ಆರಿಸಿದ ಕ್ವಾರ್ಟರ್ಸಿನಲ್ಲಿ ನಾಲ್ಕು ಬ್ಲಾಕುಗಳಿದ್ದವು. ಪ್ರತಿ ಬ್ಲಾಕಿಗೂ ಮೂರು ಮಹಡಿ, ಮಹಡಿಗೆ ಎರಡು ಮನೆ. ಒಟ್ಟು ಇಪ್ಪತ್ನಾಲ್ಕು. ಒಂದು ಕಾರ್ಖಾನೆಯ ನೌಕರರಿಗೆಂದು ಕಟ್ಟಿದ್ದು; ನಾನು ಹುಟ್ಟುವ ಮೊದಲೇ ಕಟ್ಟಿದ್ದು. ಚರಂಡಿ ಗೋಡೆಗೆ ಅಂಟಿಕೊಂಡೇ ಹರಿಯುತ್ತಿತ್ತು, ಮೇಲಿನ ಪೈಪುಗಳು ಸಂದುಗಳಲ್ಲಿ ಸೋರುತ್ತಿದ್ದವು. ಕೆಳಮಹಡಿಯ ಗಾಳಿಯಲ್ಲಿ ಬೂಷ್ಟು ಹೆಚ್ಚಿರುತ್ತದೆ, ಮೇಲೆ ಹೋದಂತೆ ಕಡಿಮೆಯಾಗುತ್ತದೆ ಎಂಬುದು ಪ್ರೊಫೆಸರ ಊಹೆ. ಅದನ್ನು ಅಂಕಿಯಲ್ಲಿ ತೋರಿಸಬೇಕಿತ್ತು.

ಜೂನ್ ೨೪ರ ಮಂಗಳವಾರ ಮನೆಗಳನ್ನು ಗುರುತು ಹಾಕಿಕೊಳ್ಳಲು ಹೋದೆ. ಸಂಜೆ ನಾಲ್ಕೂವರೆಗೆ ಒಂದನೇ ಬ್ಲಾಕಿನ ಕೆಳಮಹಡಿಯಲ್ಲಿ ಎಡಗಡೆಯ ಬಾಗಿಲು ತಟ್ಟಿದಾಗ ತೆರೆದವರು ಆಗತಾನೆ ಶಾಲೆಯಿಂದ ಬಂದಿದ್ದ ಒಬ್ಬ ಟೀಚರು. ನಲವತ್ತರ ಆಸುಪಾಸು, ತೆಳ್ಳಗಿನ ಮೈ. ಬಸವೇಶ್ವರನಗರದ ಪ್ರೈಮರಿ ಶಾಲೆಯಲ್ಲಿ ಮೂರನೇ ಕ್ಲಾಸಿಗೆ ಪಾಠ ಮಾಡುತ್ತಿದ್ದರು. ಗಂಡ ಕಾರ್ಖಾನೆಯಲ್ಲಿ ಗುಮಾಸ್ತರು. ನಾನು ಬಂದ ಕಾರಣ ಹೇಳುತ್ತಿದ್ದಂತೆ ಅವರು ನನ್ನ ಕೈಹಿಡಿದು ಮಲಗುವ ಕೋಣೆಗೆ ಕರೆದುಕೊಂಡು ಹೋದರು. ಮಂಚವನ್ನು ಸರಿಸಿದರು. ಅಷ್ಟಕ್ಕೇ ಅವರಿಗೆ ಏದುಸಿರು ಬಂತು.

ಗೋಡೆ ನೆಲದಿಂದ ನನ್ನ ಸೊಂಟದವರೆಗೆ ಕಪ್ಪಾಗಿತ್ತು. ಬಣ್ಣ ಉಬ್ಬಿ ಹಪ್ಪಳದ ಹಾಗೆ ಎದ್ದಿತ್ತು. ಟೇಪು ಹಿಡಿದು ಅಳೆದೆ. ಮೂರು ಅಡಿ ಎರಡು ಇಂಚು.

“ನೋಡಿ,” ಅಂದರು ಟೀಚರು, ಉಸಿರು ಸಿಕ್ಕಿದ ಮೇಲೆ. “ಇದರ ಪಕ್ಕ ಮಲಗ್ತೀನಿ. ಮಲಗ್ತೀನಿ ಅನ್ನೋದು ಮಾತಿಗೆ. ದಿಂಬು ಒರಗಿಸ್ಕೊಂಡು ಕೂತಿರ್ತೀನಿ.”

“ಎಷ್ಟು ದಿನದಿಂದ?”

“ದಿನ ಎಲ್ಲಮ್ಮಾ, ನಾಲ್ಕು ಮಳೆಗಾಲ ಆಯ್ತು. ಈ ಸಲ ಸ್ಕೂಲು ಶುರುವಾಗಿ ಇನ್ನೂ ತಿಂಗಳಾಗಿಲ್ಲ, ಆಗ್ಲೇ ಆರು ದಿನ ರಜ. ಹೆಡ್‌ಮಿಸ್ಟ್ರೆಸ್ಸು ಹೇಳಿದ್ದಾರೆ, ‘ಪಾಠ ಮಾಡೋಕಾಗಲ್ಲ ಅಂದ್ರೆ ರಾಜೀನಾಮೆ ಬರ್ಕೊಟ್ಬಿಡಿ’ ಅಂತ. ಮೇಲೆ ಎರಡನೇ ಮಹಡೀಲಿ ಸೆಪ್ಟೆಂಬರಿಗೆ ಒಂದು ಮನೆ ಖಾಲಿಯಾಗುತ್ತೆ. ಅದು ಸಿಕ್ರೆ ಸಾಕು ನನಗೆ.”

ಖಾಲಿಯಾಗುವ ಮನೆಯ ವಿಷಯವನ್ನು ಅವರೇ ವಿವರಿಸಿದರು. ಕ್ವಾರ್ಟರ್ಸಿನ ವ್ಯವಹಾರ ನೋಡಿಕೊಳ್ಳಲು ನೌಕರರದ್ದೇ ಒಂದು ಸಮಿತಿ ಇತ್ತು. ಖಾಲಿಯಾದ ಮನೆಯನ್ನು ಯಾರ ಸರ್ವೀಸು ಹೆಚ್ಚೋ ಅವರಿಗೆ ಕೊಡುವುದು ಪದ್ಧತಿ. ಮೂರನೇ ಬ್ಲಾಕಿನವರೊಬ್ಬರ ಸರ್ವೀಸು ಇವರ ಗಂಡನಿಗಿಂತ ಹೆಚ್ಚು. ಆದರೆ ಆರೋಗ್ಯದ ಕಾರಣವಿದ್ದರೆ ಸರ್ವೀಸು ನೋಡುವುದಿಲ್ಲ. ಡಾಕ್ಟರ ಚೀಟಿ ಕೊಟ್ಟಾಗಿತ್ತು. ಉಬ್ಬಸ ಮನೆಯಿಂದಲೇ ಬಂದದ್ದು ಅಂತ ಏನು ಗ್ಯಾರಂಟಿ ಎಂದು ಸಮಿತಿಯ ಕಾರ್ಯದರ್ಶಿ ಕೇಳಿದ್ದರಂತೆ. ಯಾರಾದರೂ ಓದಿದವರು ಮನೆ ನೋಡಿ ಬರೆದುಕೊಟ್ಟರೆ ನೋಡೋಣ ಎಂದಿದ್ದರಂತೆ.

“ನಿಮ್ಮ ಕಾಲೇಜಿನ ರಿಪೋರ್ಟು ಅವರಿಗೂ ಸಿಗುತ್ತಾ?”

“ಸಿಗುತ್ತೆ. ಪರ್ಮಿಷನ್ ಕೊಡುವಾಗಲೇ ಒಂದು ಕಾಪಿ ಕೇಳಿದ್ದಾರೆ.”

ಟೀಚರು ಮಂಚದ ಅಂಚಿನಲ್ಲಿ ಕುಳಿತರು. “ಹಾಗಾದ್ರೆ ದೇವರೇ ಕಳಿಸಿದ್ದು ನಿಮ್ಮನ್ನ.”

“ದೇವರು ಏನಿಲ್ಲ ಟೀಚರ್. ಅಂಕಿ ಬರುತ್ತಲ್ಲ, ಅದು ಸುಳ್ಳು ಹೇಳಲ್ಲ,” ಅಂದೆ.

ಅವರ ಅತ್ತೆ ಅಡುಗೆಮನೆಯ ಬಾಗಿಲಲ್ಲಿ ನಿಂತು ನಮ್ಮಿಬ್ಬರನ್ನೂ ನೋಡುತ್ತಿದ್ದರು. ಎಪ್ಪತ್ತು ದಾಟಿದ ಹಿರಿಯರು. 

ಮುಂಚೆ ತಿಳಿಸದೆ ಯಾರ ಮನೆಗೂ ಹೋಗಬೇಡ ಎಂಬುದು ಪ್ರೊಫೆಸರ ಆಜ್ಞೆ. ಕಾರ್ಯದರ್ಶಿಯೂ ಅದೇ ಷರತ್ತು ಹಾಕಿದ್ದರು. ಹಾಗಾಗಿ ಜುಲೈ ೫ರ ಶನಿವಾರ ಕೂತು ಇಪ್ಪತ್ನಾಲ್ಕು ಅಂಚೆ ಕಾರ್ಡು ಬರೆದು ಹಾಕಿದೆ. ‘ತಮ್ಮ ಮನೆಯ ಗಾಳಿಯ ಪರೀಕ್ಷೆಗಾಗಿ ಇಂಥ ದಿನ ಇಷ್ಟು ಗಂಟೆಗೆ ಬರುತ್ತೇವೆ, ದಯವಿಟ್ಟು ಸಹಕರಿಸಿ.’ ಒಂದೊಂದು ಮನೆಗೂ ಇಪ್ಪತ್ತೈದು ನಿಮಿಷ ಹಂಚಿ, ದಿನಕ್ಕೊಂದು ಬ್ಲಾಕಿನಂತೆ ಸೋಮವಾರದಿಂದ ಗುರುವಾರದವರೆಗೆ. ಅಷ್ಟು ಅಚ್ಚುಕಟ್ಟಾಗಿ ನಾನು ಮತ್ತೆ ಯಾವ ಕೆಲಸವನ್ನೂ ಮಾಡಿಲ್ಲ. ಕಾರ್ಡುಗಳೆಲ್ಲ ಮಂಗಳವಾರ ಬುಧವಾರದ ಹೊತ್ತಿಗೆ ತಲುಪಿದ್ದವೆಂದು ಆಮೇಲೆ ಗೊತ್ತಾಯಿತು. ಅಂದರೆ ಪ್ರತಿಯೊಂದು ಮನೆಗೂ ಕಡಿಮೆಯೆಂದರೂ ಐದಾರು ದಿನ ಸಮಯ ಸಿಕ್ಕಿತ್ತು.

ಭಾನುವಾರವಿಡೀ ಕಾಲೇಜಿನಲ್ಲಿ ಆಲೂಗಡ್ಡೆ ಬೇಯಿಸಿದೆ. ದೊಡ್ಡ ಪ್ರೆಷರ್ ಕುಕ್ಕರಿನಂಥ ಯಂತ್ರದಲ್ಲಿ ತಟ್ಟೆಗಳನ್ನು ಕಾಯಿಸಿ, ಸುರಿದು, ಆರಿಸಿ, ನ್ಯೂಸ್ ಪೇಪರಿನಲ್ಲಿ ಸುತ್ತಿ, ಮೊದಲ ದಿನದ ಆರು ಮನೆಗೆಂದು ಹದಿನೆಂಟು ತಟ್ಟೆಗಳನ್ನು ತಗಡಿನ ಡಬ್ಬಿಯಲ್ಲಿ ಜೋಡಿಸಿದೆ. ಸೋಮವಾರ ಬೆಳಿಗ್ಗೆ ಆ ಡಬ್ಬಿ ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಕೂತಾಗ ಕಂಡಕ್ಟರು, “ಏನ್ ಮೇಡಂ, ಬಾಂಬಾ?” ಅಂದ.  ಕೆಲಸ ಆಗಷ್ಟೇ ಶುರುವಾಗಬೇಕಿತ್ತು, ನಾನಾಗಲೇ ದಣಿದಿದ್ದೆ.

ಟೀಚರ ಮನೆಯ ಮೆಟ್ಟಿಲಲ್ಲೇ ಸುಣ್ಣದ ವಾಸನೆ ಬಂತು. ಹೊಸಿಲಿಗೆ ಅರಿಶಿನ ಹಚ್ಚಿ ರಂಗೋಲಿ ಹಾಕಿತ್ತು. ಬಾಗಿಲು ತೆರೆದವರು ಅತ್ತೆ. ಒಗೆದು ಮಡಿಸಿದ ಸೀರೆ, ಮುಖದ ತುಂಬ ನಗು.

“ಬನ್ನಿ ಬನ್ನಿ. ಕಾಲೇಜಿಂದ ಕಾರ್ಡ್ ಹಾಕಿ ಬರೋರು, ಹಾಗೇ ಬರಮಾಡ್ಕೊಳೋಕಾಗುತ್ತಾ? ಉಪ್ಪಿಟ್ಟು ಮಾಡಿದೀನಿ, ಮೊದಲು ತಿನ್ನಿ.”

ಮಲಗುವ ಕೋಣೆಯ ಗೋಡೆ ಅಚ್ಚ ಬಿಳಿ. ಮಂಚ ಎದುರು ಗೋಡೆಗೆ ಸರಿದಿತ್ತು. ಮೂಲೆಯಲ್ಲಿ ಸಾಂಬ್ರಾಣಿಯ ಧೂಪ ಇನ್ನೂ ಹೊಗೆಯಾಡುತ್ತಿತ್ತು. ಟೀಚರು ಅರ್ಧ ದಿನ ರಜೆ ಹಾಕಿ ಮನೆಯಲ್ಲೇ ಇದ್ದರು. ಸೆರಗಿನಿಂದ ಬಾಯಿ ಮುಚ್ಚಿಕೊಂಡು ಕಿಟಕಿಯ ಹತ್ತಿರ ನಿಂತಿದ್ದರು. ಅತ್ತೆ ಅಡುಗೆಮನೆಗೆ ಹೋದದ್ದೇ ತಡ, ನನ್ನ ಹತ್ತಿರ ಬಂದರು.

“ಶನಿವಾರ ನಾನು ಸ್ಕೂಲಿಗೆ ಹೋಗಿದ್ದಾಗ ಬಳಿಸ್ಬಿಟ್ಟಿದ್ದಾರೆ. ಕೆರೆಸಿ, ಎರಡು ಕೋಟು. ಎರಡು ದಿನದಿಂದ ಅಡುಗೆಮನೇಲಿ ಕೂತೇ ಬೆಳಗು ಮಾಡಿದೀನಿ, ಈ ಘಾಟಿಗೆ ಉಸಿರೇ ಸಿಗ್ತಿಲ್ಲ. ಇವತ್ತು ಬೇಡಮ್ಮಾ. ಇನ್ನೊಂದಿನ ಬನ್ನಿ. ಒಂದು ತಿಂಗಳು ಬಿಟ್ಟು ಬನ್ನಿ, ಅದು ಮತ್ತೆ ಬಂದೇ ಬರುತ್ತೆ.”

ಅಷ್ಟರಲ್ಲಿ ಅತ್ತೆಗೆ ಕೇಳಿಸಿತ್ತು. ತಟ್ಟೆ ಹಿಡಿದೇ ಬಂದರು.

“ಏನೇ ಅದು ಬರೋದು? ಆ ಕರೀ ಗೋಡೆ ತೋರಿಸ್ಬೇಕಿತ್ತೇನೇ ಬಂದೋರಿಗೆ? ನಮ್ಮನೆ ಗಲೀಜು ಅಂತ ಕಾಗದದಲ್ಲಿ ಬರ್ಕೊಂಡು ಹೋಗ್ತಾರೆ, ಅದನ್ನ ಆಫೀಸಲ್ಲಿ ನನ್ನ ಮಗನ ಮುಂದೆ ಓದ್ತಾರೆ. ಬರೆಸ್ಕೋತೀನಾ ನಾನು?”

“ಗಲೀಜು ಅಂತ ಅಲ್ಲ ಅತ್ತೆ, ತೇವ ಅಂತ.”

“ತೇವ ಯಾಕೆ ಬರುತ್ತೆ? ಮನೆ ಹೆಂಗಸು ಸರಿಯಾಗಿ ಇಟ್ಕೊಂಡಿಲ್ಲ ಅಂತ ತಾನೇ ಅಂತಾರೆ? ನಿನ್ನ ಮಾನಾನೇ ಉಳಿಸಿದೀನಿ ಕಣೇ.”

ಇಬ್ಬರೂ ನನ್ನ ಕಡೆ ನೋಡಿದರು. ನನ್ನ ಡಬ್ಬಿಯಲ್ಲಿ ಹದಿನೆಂಟು ತಟ್ಟೆ, ಕೈಯಲ್ಲಿ ವೇಳಾಪಟ್ಟಿ. ಹತ್ತೂ ನಲವತ್ತಕ್ಕೆ ಎದುರು ಮನೆ. ತಿಂಗಳು ಬಿಟ್ಟು ತೆರೆದರೆ ಆ ಒಂದು ಮನೆಯ ಹವೆ ಬೇರೆ, ಉಳಿದ ಇಪ್ಪತ್ಮೂರರ ಹವೆ ಬೇರೆ, ಹೋಲಿಸಲು ಬರುವುದಿಲ್ಲ. ಪ್ರೊಫೆಸರು ಹಾಗೆಯೇ ಹೇಳಿಕೊಟ್ಟಿದ್ದರು.

“ಚಿಂತೆ ಮಾಡ್ಬೇಡಿ ಟೀಚರ್,” ಅಂದೆ. “ಗೋಡೆ ಬೆಳ್ಳಗಾದ್ರೆ ಗಾಳಿ ಬೆಳ್ಳಗಾಗಲ್ಲ. ತಟ್ಟೆ ಹಿಡಿಯುತ್ತೆ.”

ಅದನ್ನು ಯಾವ ಪುಸ್ತಕದಲ್ಲೂ ಓದಿರಲಿಲ್ಲ. ಬಾಯಿಗೆ ಬಂತು, ಅಂದೆ. ಹಸಿ ಸುಣ್ಣದಲ್ಲಿ ಬೂಷ್ಟು ಬದುಕುವುದಿಲ್ಲ, ಕೆರೆದು ಬಳಿದ ಗೋಡೆಯಿಂದ ಕೆಲವು ವಾರ ಏನೂ ಹಾರುವುದಿಲ್ಲ ಎಂಬುದು ಎಂ.ಎಸ್ಸಿ. ಓದಿದವಳಿಗೆ ಹೊಳೆಯಬೇಕಿತ್ತು. ಮೂರು ತಟ್ಟೆ ತೆರೆದೆ, ಮಲಗುವ ಕೋಣೆಯಲ್ಲಿ ಒಂದು, ಹಾಲಿನಲ್ಲಿ ಒಂದು, ಅಡುಗೆಮನೆಯಲ್ಲಿ ಒಂದು. ಉಪ್ಪಿಟ್ಟು ತಿಂದೆ. ಪ್ರೊಫೆಸರು ಅಚ್ಚು ಹಾಕಿಸಿದ್ದ ಫಾರಂನಲ್ಲಿ ಮನೆಯ ಸಂಖ್ಯೆ, ಮಹಡಿ, ಕೋಣೆ, ವೇಳೆ, ಚುಕ್ಕೆಗಳ ಲೆಕ್ಕ ಇಷ್ಟಕ್ಕೇ ಅಂಕಣವಿತ್ತು. ಬೇರೇನಾದರೂ ಬರೆಯಲು ಜಾಗವಿರಲಿಲ್ಲ. ಕೆಳಗೆ ಅಂಚಿನಲ್ಲಿ ಬರೆಯಬಹುದಿತ್ತು. ಫಾರಂ ಅಂದಗೆಡುತ್ತದೆ ಅನಿಸಿತು.

ಆ ವಾರ ಇಪ್ಪತ್ನಾಲ್ಕು ಮನೆಗಳ ಮೆಟ್ಟಿಲು ಹತ್ತಿ ಇಳಿದೆ. ಎಲ್ಲ ಕಡೆಯೂ ತಿಂಡಿ, ಎಲ್ಲ ಕಡೆಯೂ ಅವೇ ಪ್ರಶ್ನೆಗಳು.

“ಏನಮ್ಮಾ, ಇದರಲ್ಲಿ ಏನು ಹಿಡೀತೀರ?”

“ಗಾಳಿ, ಆಂಟಿ.”

“ಗಾಳಿ ಹಿಡಿಯೋಕೆ ಎಂ.ಎಸ್ಸಿ. ಓದ್ಬೇಕಾ? ನಮ್ಮೆಜಮಾನ್ರು ಬೀಡಿ ಸೇದ್ತಾರೆ, ಅದೂ ಬರುತ್ತಾ?”

ಎರಡನೇ ಬ್ಲಾಕಿನ ಕೆಳಮನೆಯಲ್ಲಿ ಒಬ್ಬರು ನನ್ನನ್ನು ಪಕ್ಕಕ್ಕೆ ಕರೆದು, “ಏನೇ ಬಂದ್ರೂ ಕಮ್ಮಿ ಬರೀರಿ ಕಣಮ್ಮಾ, ಮಗಳಿಗೆ ಗಂಡು ನೋಡ್ತಾ ಇದೀವಿ,” ಎಂದರು. ಮೂರನೇ ಬ್ಲಾಕಿನ ಮೇಲ್ಮನೆಯಲ್ಲಿ ಬಟ್ಟೆಯ ರಾಶಿಯ ನಡುವೆ ಸ್ಟೂಲಿಗೆ ಜಾಗ ಮಾಡಿಕೊಟ್ಟ ಹೆಂಗಸು, “ನಮ್ಮನೇಲಿ ತೇವ ಗೀವ ಏನಿಲ್ಲ, ಎಲ್ಲಿ ಬೇಕೋ ಅಲ್ಲಿಟ್ಕೊಳಿ,” ಎಂದು ತಿರುಗಿಯೂ ನೋಡಲಿಲ್ಲ. ಅನೇಕ ಮನೆಗಳಲ್ಲಿ ಫಿನಾಯಿಲ್ ವಾಸನೆ ಬಡಿದದ್ದು ನಿಜ. ಮೂಗು ಗಮನಿಸಿತು, ಕೈ ಬರೆಯಲಿಲ್ಲ. ಮನೆಗೆ ಬಂದು ಕಾಲನ್ನು ಬಿಸಿನೀರಿನಲ್ಲಿಟ್ಟುಕೊಂಡು ಕೂರುತ್ತಿದ್ದೆ. ಡೈರಿ ನಾಲ್ಕೇ ಸಾಲಿಗೆ ಇಳಿದಿತ್ತು.

ಸೋಮವಾರದ ತಟ್ಟೆಗಳನ್ನು ಜುಲೈ ೧೯ರ ಶನಿವಾರ ಎಣಿಸಿದೆ. ಟೀಚರ ಮಲಗುವ ಕೋಣೆಯ ತಟ್ಟೆಯಲ್ಲಿ ಎರಡು ಚುಕ್ಕೆ. ಒಂದು ಹಸಿರು, ಒಂದು ಬಿಳಿ. ಬೆಳಕಿಗೆ ಹಿಡಿದು ಮತ್ತೆ ನೋಡಿದೆ. ಎರಡೇ. ಅದೇ ಬ್ಲಾಕಿನ ಮೇಲ್ಮನೆಯದರಲ್ಲಿ ಮೂವತ್ತೊಂದು. ಮುಂದಿನ ದಿನಗಳಲ್ಲಿ ಉಳಿದವನ್ನೂ ಎಣಿಸಿ ಮುಗಿಸಿದಾಗ ಪ್ರೊಫೆಸರ ಊಹೆ ತಲೆಕೆಳಗಾಗಿತ್ತು. ಕೆಳಮಹಡಿಯಲ್ಲಿ ಕಡಿಮೆ, ಮೇಲೆ ಹೆಚ್ಚು. ಇಪ್ಪತ್ನಾಲ್ಕರಲ್ಲಿ ಎಲ್ಲಕ್ಕಿಂತ ಕಡಿಮೆ ಲೆಕ್ಕ ಟೀಚರ ಮನೆಯದು.

ಪ್ರೊಫೆಸರಿಗೆ ಬೇಸರವಾಗಲಿಲ್ಲ, ಖುಷಿಯಾಯಿತು. “ಅನಿರೀಕ್ಷಿತ ಫಲಿತಾಂಶವೇ ನಿಜವಾದ ಫಲಿತಾಂಶ ಕಣಮ್ಮಾ,” ಎಂದು ಪಟ್ಟಿಯನ್ನು ಟೈಪು ಮಾಡಿಸಿದರು. ಆಗಲಾದರೂ ಸುಣ್ಣದ ವಿಷಯ ಹೇಳಬೇಕಿತ್ತು. ಬಾಯಿ ತೆರೆದೆ. “ಸಾರ್, ಒಂದೆರಡು ಮನೆ ಕ್ಲೀನ್ ಮಾಡಿದ್ರು ಅನ್ಸುತ್ತೆ,” ಅಂದೆ. “ಮನೆ ಅಂದ್ಮೇಲೆ ಕ್ಲೀನ್ ಮಾಡ್ತಾರಪ್ಪ,” ಅಂದರು. ಅಲ್ಲಿಗೆ ಬಿಟ್ಟೆ. ಆಗಸ್ಟ್ ೧೧ರ ಸೋಮವಾರ ಪಟ್ಟಿಯ ಕಾಪಿಯನ್ನು ನಾನೇ ಕಾರ್ಯದರ್ಶಿಯ ಕೈಗೆ ಕೊಟ್ಟು, ರಿಜಿಸ್ಟರಿನಲ್ಲಿ ಸಹಿ ಹಾಕಿಸಿಕೊಂಡು ಬಂದೆ.

ಹನ್ನೆರಡು ದಿನದ ಮೇಲೆ, ಆಗಸ್ಟ್ ೨೩ರ ಶನಿವಾರ ಮಧ್ಯಾಹ್ನ, ಬಸವೇಶ್ವರನಗರದ ಬಸ್‌ಸ್ಟಾಪಿನಲ್ಲಿ ಟೀಚರು ಸಿಕ್ಕಿದರು. ಕಲ್ಲಿನ ಮೇಲೆ ಕೂತಿದ್ದರು. ಪುಸ್ತಕದ ಚೀಲ ಕಾಲ ಬಳಿ. ನನ್ನನ್ನು ನೋಡಿ ಎದ್ದೇಳಲು ಹೋಗಿ ಮತ್ತೆ ಕೂತರು.

“ಎರಡೇ ಚುಕ್ಕೆಯಂತೆ ನಮ್ಮನೇದು,” ಅಂದರು.

ನಾನು ಅವರ ಪಕ್ಕದಲ್ಲಿ ಕೂತೆ.

“ಸೆಕ್ರೆಟರಿ ನಮ್ಮೆಜಮಾನ್ರನ್ನ ಕರೆಸಿದ್ರು. ‘ಇಡೀ ಕ್ವಾರ್ಟರ್ಸಿಗೇ ನಿಮ್ಮನೆ ಗಾಳಿ ಒಳ್ಳೇದಂತಪ್ಪಾ, ಇನ್ನೇನು ಮೇಲಕ್ಕೆ ಹೋಗ್ತೀರಾ?’ ಅಂತ ನಕ್ಕರಂತೆ. ಎಲ್ಲರ ಎದುರಿಗೆ. ಇವರು ಮನೆಗೆ ಬಂದು ನನ್ನ ಮೇಲೆ ರೇಗಿದ್ರು. ‘ಇಷ್ಟು ದಿನ ನಾಟಕ ಆಡ್ತಿದ್ದೆಯಾ’ ಅಂತ.” ಸ್ವಲ್ಪ ಹೊತ್ತು ಉಸಿರು ಸುಧಾರಿಸಿಕೊಂಡರು. ಎದೆಯಿಂದ ಸಣ್ಣ ಸೀಟಿಯಂಥ ಸದ್ದು ಕೇಳುತ್ತಿತ್ತು. “ಹೋಗಲಿ ಬಿಡಿ. ನಿಮ್ಮದೇನು ತಪ್ಪು? ಕಂಡಿದ್ದು ಬರೆದ್ರಿ. ಅಂಕಿ ಸುಳ್ಳು ಹೇಳಲ್ಲ ಅಂತ ನೀವೇ ಅಂದಿದ್ರಲ್ಲ.”

ಅದರಲ್ಲಿ ಕೊಂಕು ಇತ್ತೋ ಇಲ್ಲವೋ ಇಂದಿಗೂ ಗೊತ್ತಿಲ್ಲ. ಅಷ್ಟು ದಣಿದಿದ್ದವರಿಗೆ ಕೊಂಕಾಡುವ ತ್ರಾಣ ಇತ್ತೆಂದು ನನಗೆ ಅನಿಸುವುದಿಲ್ಲ.

ಮರುವಾರ ಕಾಲೇಜು ಮುಗಿಸಿಕೊಂಡು ಪ್ರತಿದಿನ ಸಂಜೆ ಕ್ವಾರ್ಟರ್ಸಿಗೆ ಹೋದೆ. ಮನೆಮನೆಗೂ ಹೋಗಿ ಒಂದೇ ಪ್ರಶ್ನೆ ಕೇಳಿದೆ: ನಾನು ಬರುವ ಮೊದಲು ಮನೆಗೆ ಏನು ಮಾಡಿದ್ದಿರಿ? ಮೊದಲು ಯಾರೂ ಬಾಯಿ ಬಿಡಲಿಲ್ಲ. ಆಮೇಲೆ ಮೂರನೇ ಬ್ಲಾಕಿನ ಅಜ್ಜಿಯೊಬ್ಬರು ನಗುತ್ತಾ, “ಕಾರ್ಡ್ ಹಾಕಿ ಬರೋದು ಯಾಕಮ್ಮಾ ಮತ್ತೆ? ಮನೆ ಸರಿ ಮಾಡ್ಕೊಳಿ ಅಂತ ತಾನೇ? ಹೆಣ್ಣು ನೋಡೋಕೆ ಬರೋರೂ ಹಾಗೇ ಕಾರ್ಡ್ ಹಾಕ್ತಾರೆ,” ಎಂದರು. ಅಲ್ಲಿಂದ ಮುಂದೆ ಎಲ್ಲರೂ ಹೆಮ್ಮೆಯಿಂದಲೇ ಹೇಳಿದರು. ಇಪ್ಪತ್ನಾಲ್ಕರಲ್ಲಿ ಹತ್ತೊಂಬತ್ತು ಮನೆಯವರು ಸಿಕ್ಕಿದರು, ಐದು ಮನೆಗೆ ಬೀಗ. ಸುಣ್ಣ ಬಳಿದವರು ಐದು. ಫಿನಾಯಿಲ್ ಹಾಕಿ ಒರೆಸಿದವರು ಒಂಬತ್ತು. ಸಾಂಬ್ರಾಣಿ ಹಾಕಿದವರು ಹನ್ನೊಂದು. ಇವುಗಳಲ್ಲಿ ಎರಡು ಮೂರು ಒಟ್ಟಿಗೆ ಮಾಡಿದವರೂ ಉಂಟು. ಏನೂ ಮಾಡದವರು ನಾಲ್ಕು. ನಾಲ್ಕೂ ಎಲ್ಲಕ್ಕಿಂತ ಮೇಲಿನ, ಎರಡನೇ ಮಹಡಿಯವು.

ಮೆಟ್ಟಿಲ ಮೇಲೆ ಕೂತು ಆ ಲೆಕ್ಕ ನೋಡಿದೆ. ಯಾರ ಗೋಡೆ ಕೆಟ್ಟಿತ್ತೋ ಅವರಿಗೆ ನಾಚಿಕೆ. ನಾಚಿಕೆಯಿದ್ದವರು ತೊಳೆದರು, ಬಳಿದರು. ಯಾರ ಗೋಡೆ ಚೆನ್ನಾಗಿತ್ತೋ ಅವರು ಕಾರ್ಡನ್ನು ಓದಿ ಪಕ್ಕಕ್ಕಿಟ್ಟರು. ನನ್ನ ಎಪ್ಪತ್ತೆರಡು ತಟ್ಟೆಗಳಲ್ಲಿ ಬೆಳೆದದ್ದರಲ್ಲಿ ಮನೆಗಳ ಗಾಳಿ ಎಷ್ಟು, ನನ್ನ ಕಾರ್ಡಿನ ಫಲ ಎಷ್ಟು ಎಂದು ಬಿಡಿಸಿ ಹೇಳಲು ಯಾರಿಗೂ ಸಾಧ್ಯವಿರಲಿಲ್ಲ.

ಪ್ರೊಫೆಸರಿಗೆ ಆ ಹಾಳೆ ತೋರಿಸಿದೆ. ಅವರು ಕನ್ನಡಕ ತೆಗೆದು ಬಹಳ ಹೊತ್ತು ಕಣ್ಣು ಒತ್ತಿಕೊಂಡರು. ಅವರಿಗೂ ಆಯಾಸವಾದದ್ದು ಆಗಲೇ ನಾನು ನೋಡಿದ್ದು.

“ಇದನ್ನ ಎಲ್ಲಿ ಹಾಕೋದಮ್ಮಾ? ಸೆಮಿನಾರಿಗೆ ಪಟ್ಟಿ ಕಳಿಸಾಗಿದೆ.”

“ಒಂದೇ ಒಂದು ಮನೆ ಮತ್ತೆ ನೋಡ್ತೀನಿ ಸಾರ್. ಹೇಳದೆ ಹೋಗ್ತೀನಿ.”

“ಹೇಳದೆ ಒಬ್ಬರ ಮಲಗೋ ಕೋಣೆಗೆ ನುಗ್ಗೋದು ಹೇಗೆ? ನಾನು ಹೋಗು ಅನ್ನಲ್ಲ.” ಕನ್ನಡಕ ಹಾಕಿಕೊಂಡು, “ಹಳೇ ತಟ್ಟೆ ಬೀರುವಲ್ಲಿವೆ,” ಅಂದರು.

ಸೆಪ್ಟೆಂಬರ್ ೧೩ರ ಶನಿವಾರ ಮಧ್ಯಾಹ್ನ ಎರಡೂವರೆಗೆ, ಕಾರ್ಡು ಹಾಕದೆ, ಟೀಚರ ಮನೆಗೆ ಹೋದೆ. ಅತ್ತೆ ದೇವಸ್ಥಾನಕ್ಕೆ ಹೋಗಿದ್ದರು. ಟೀಚರು ಒಂದು ವಾರದಿಂದ ರಜೆಯಲ್ಲಿದ್ದರು. ಮಾತಾಡಿದರೆ ಕೆಮ್ಮು ಬರುತ್ತದೆಂದು ಸ್ಲೇಟಿನ ಮೇಲೆ ಬರೆದು ತೋರಿಸಿದರು: ‘ನೋಡಿ, ಬಂತು.’ ಬಿಳಿಯ ಗೋಡೆಯಲ್ಲಿ ನೆಲದಿಂದ ಒಂದು ಅಡಿ ಏಳು ಇಂಚಿನವರೆಗೆ ಬೂದಿ ಬಣ್ಣದ ಮಚ್ಚೆಗಳು ಎದ್ದಿದ್ದವು. ಹತ್ತು ನಿಮಿಷ ತಟ್ಟೆ ತೆರೆದಿಟ್ಟು ಮುಚ್ಚಿದೆ. ಈ ಸಲ ಫಾರಂನ ಅಂಚಿನಲ್ಲಿ ಎಲ್ಲವನ್ನೂ ಬರೆದೆ.

ಮೂರನೆಯ ದಿನಕ್ಕೇ ನಲವತ್ತು ಚುಕ್ಕೆ ಕಂಡವು. ನಿಯಮ ಐದು ದಿನ. ಈ ಬಾರಿ ಯಾರೂ ತಪ್ಪು ಹುಡುಕಬಾರದು ಎಂದು ಐದು ದಿನವೂ ಕಾದೆ. ಗುರುವಾರ ಎಪ್ಪತ್ತೊಂದರವರೆಗೆ ಎಣಿಸಿದೆ. ಅದರ ಮೇಲೆ ಒಂದರೊಳಗೊಂದು ಬೆಳೆದು ಬಿಡಿಸಲಾಗದಂತೆ ಕಲೆತುಹೋಗಿದ್ದವು. ಶುಕ್ರವಾರ ತಟ್ಟೆಯನ್ನೂ ಹಾಳೆಯನ್ನೂ ತೆಗೆದುಕೊಂಡು ಕಾರ್ಯದರ್ಶಿಯ ಮನೆಗೆ ಹೋದೆ.

ಅವರು ತಟ್ಟೆಯನ್ನು ಕೈಯಲ್ಲಿ ಹಿಡಿದು ತಿರುಗಿಸಿ ನೋಡಿದರು. ಕೆಟ್ಟ ಮನುಷ್ಯರಲ್ಲ.

“ಅಯ್ಯೋ, ಇದೇನಮ್ಮಾ ಹಿಂಗಿದೆ! ಜುಲೈನಲ್ಲಿ ನೀವೇ ಎರಡು ಅಂತ ಬರ್ಕೊಟ್ಟಿದ್ರಲ್ಲ?”

“ಸುಣ್ಣ ಬಳಿದಿದ್ರು ಸಾರ್. ನಾನು ಬರೀಲಿಲ್ಲ.”

“ಬರೀಬೇಕಿತ್ತಲ್ಲಮ್ಮಾ. ಮೊನ್ನೆ ಬುಧವಾರ ಮೀಟಿಂಗ್ ಆಯ್ತು. ಮೂರನೇ ಬ್ಲಾಕಿನವರಿಗೆ ಮನೆ ಕೊಟ್ಟಾಯ್ತು. ಇವತ್ತು ಬೆಳಿಗ್ಗೆ ಹಾಲು ಉಕ್ಕಿಸಿದ್ದಾರೆ ಅವರು. ಈಗ ಇಳೀರಿ ಅನ್ನೋಕಾಗುತ್ತಾ? ಎರಡು ದಿನ ಮುಂಚೆ ತಂದಿದ್ರೆ ನಾನೇ ಕೂತು ಮಾತಾಡ್ತಿದ್ದೆ.”

ಮೇಲಿನಿಂದ ಯಾರೋ ಮಂಚ ಎಳೆಯುವ ಸದ್ದು ಬರುತ್ತಿತ್ತು. ಅವರ ಹೆಂಡತಿ ಹೊಸ ಒಕ್ಕಲಿನವರು ಕೊಟ್ಟ ಲಾಡನ್ನು ನನಗೂ ಒಂದು ತಂದಿಟ್ಟರು. ತಿನ್ನಲಾಗಲಿಲ್ಲ. ಅಲ್ಲಿಂದ ಕೆಳಗಿಳಿದು ಟೀಚರ ಬಾಗಿಲ ಮುಂದೆ ನಿಂತೆ. ಅಂಗಳದಲ್ಲಿ ಅತ್ತೆ ಬಟ್ಟೆ ಹಿಂಡುತ್ತಿದ್ದರು.

“ಒಳಗಿದ್ದಾಳೆ ಹೋಗಿ,” ಎಂದರು. ನಾನು ತಟ್ಟೆ ತೋರಿಸಿದೆ. ಯಾಕೆ ತೋರಿಸಿದೆನೋ. ಅವರು ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡು, ಹತ್ತಿರ ಬಂದು ಬಗ್ಗಿ ನೋಡಿದರು.

“ಇದು ನಮ್ಮನೇದಾ?”

“ಹೌದಜ್ಜಿ.”

“ಇದನ್ನಾ ಅವಳು ಉಸಿರಾಡ್ತಿರೋದು?”

ಹೌದು ಎಂದು ತಲೆಯಾಡಿಸಿದೆ. ಅವರು ಬಕೆಟ್ಟಿನ ಅಂಚು ಹಿಡಿದು ಹಾಗೆಯೇ ಕುಕ್ಕರುಗಾಲಿನಲ್ಲಿ ಕೂತುಬಿಟ್ಟರು. “ಮೊದಲೇ ಹೀಗೆ ತೋರಿಸಿದ್ರೆ ನನಗೂ ತಿಳೀತಿತ್ತಲ್ಲಮ್ಮಾ. ಓದಿಲ್ಲದೋಳು ನಾನು. ಗೋಡೆ ಕಂಡಿತು, ಬಳಿಸಿದೆ.”

ಬಕೆಟ್ಟಿನಲ್ಲಿ ಉಳಿದಿದ್ದ ಬಟ್ಟೆಗಳನ್ನು ನಾನೇ ಹಿಂಡಿ ಹರವಿ, ಒಳಗೆ ಹೋಗದೆ ವಾಪಸು ಬಂದೆ. 

ನನ್ನ ಆರು ತಿಂಗಳು ಅಕ್ಟೋಬರಿಗೆ ಮುಗಿಯಿತು. ಬೇರೆ ಕಡೆ ಕೆಲಸ ಸಿಕ್ಕಿತು. ಸೆಮಿನಾರಿನಲ್ಲಿ ಪಟ್ಟಿಯನ್ನು ಓದಿದರೋ ಇಲ್ಲವೋ ನಾನು ಕೇಳಲಿಲ್ಲ. ೧೯೮೭ರ ಜನವರಿಯಲ್ಲಿ ಒಮ್ಮೆ ಕ್ವಾರ್ಟರ್ಸಿಗೆ ಹೋದಾಗ ಅತ್ತೆಯೊಬ್ಬರೇ ಇದ್ದರು. ಟೀಚರು ಶಾಲೆಗೆ ಬರೆದುಕೊಟ್ಟು ಕೆಲಸ ಬಿಟ್ಟಿದ್ದರು. ಕೆಂಗೇರಿ ಉಪನಗರದಲ್ಲಿ ಅಕ್ಕನ ಮನೆಯಿದೆ, ಹೊಸ ಮನೆ, ಗೋಡೆ ಒಣಗಿದೆ, ಅಲ್ಲೇ ಇದ್ದಾಳೆ ಎಂದರು. ಮಗ ಭಾನುವಾರ ಹೋಗಿ ಬರುತ್ತಾನಂತೆ. “ಒಂದು ಮನೆ ಎರಡಾಯ್ತು,” ಎಂದು ಅವರು ಎದ್ದು ಕಾಫಿಗೆ ನೀರಿಟ್ಟರು. ಅಕ್ಕನ ವಿಳಾಸ ಕೇಳಿದೆ. ಮಗನಿಗೆ ಗೊತ್ತು, ಬರೆಸಿಡುತ್ತೇನೆ ಎಂದರು. ನಾನು ಮತ್ತೆ ಹೋದದ್ದು ಮರುವರ್ಷ. ಆಗ ಬಾಗಿಲು ತೆರೆದವರು ಬೇರೆಯವರು. ಗುಮಾಸ್ತರು ಕೆಲಸ ಬಿಟ್ಟು ಹೋದರು, ಎಲ್ಲಿಗೆ ಅಂತ ಗೊತ್ತಿಲ್ಲ ಎಂದರು. ಕಾರ್ಯದರ್ಶಿಯೂ ನಿವೃತ್ತರಾಗಿ ಮನೆ ಬಿಟ್ಟಿದ್ದರು. ಉಪನಗರದ ಬೀದಿಗಳಲ್ಲಿ ಎರಡು ಭಾನುವಾರ ಅಲೆದೆ. ‘ಉಬ್ಬಸ ಇದ್ದ ಒಬ್ಬ ಟೀಚರು’ ಎಂದು ಕೇಳಿದರೆ ಜನ ಏನು ಹೇಳಬೇಕು?

ಆ ಮಳೆಗಾಲದಲ್ಲಿ ರಾಜಾಜಿನಗರದ ಆ ನಾಲ್ಕು ಬ್ಲಾಕುಗಳಲ್ಲಿದ್ದು ನನ್ನ ಕಾರ್ಡು ಬಂದದ್ದು ನೆನಪಿರುವವರು ಯಾರಾದರೂ ಇದನ್ನು ಓದುತ್ತಿದ್ದರೆ, ಅದರಲ್ಲೂ ನನಗೆ ಬೀಗ ಸಿಕ್ಕಿದ ಐದು ಮನೆಯವರಾಗಿದ್ದರೆ, ನಾನು ಬರುವ ಮೊದಲು ಗೋಡೆಗೆ ಏನು ಮಾಡಿದ್ದಿರೆಂದು ಪ್ರಕಾಶಕರ ವಿಳಾಸಕ್ಕೆ ಬರೆಯಿರಿ, ನಾಚಿಕೆ ಬೇಡ. ಅದಕ್ಕಿಂತ ಹೆಚ್ಚಾಗಿ, ಒಂದನೇ ಬ್ಲಾಕಿನ ಕೆಳಮನೆಯ ಟೀಚರು ಈಗ ಎಲ್ಲಿದ್ದಾರೆ, ಮತ್ತೆ ಯಾವುದಾದರೂ ಶಾಲೆಗೆ ಸೇರಿದರೇ, ಮಲಗಿದರೆ ನಿದ್ದೆ ಬರುತ್ತದೆಯೇ ಎಂಬುದು ಗೊತ್ತಿರುವವರು ಒಂದು ಸಾಲು ಬರೆದರೂ ಸಾಕು.